ಹಿಂದಿನ ಬಲ ಚಕ್ರ

ಹೊಸ ಬಣ್ಣದ ವಾಸನೆ, ಬಿಸಿಲು ಏರಿದಷ್ಟೂ ಬಾನೆಟ್ಟಿನಿಂದ ಎದ್ದೆದ್ದು ಮೂಗಿಗೆ ಅಡರುತ್ತಿದೆ, ಎಳೆ ಬಾಳೆಎಲೆಯ ಹಸಿರೇ ಆಗಬೇಕು ಎಂದು ಹಟ ಹಿಡಿದವನು ಅಲ್ವಿನ್, ಆ ಹಸಿರಿನ ಮೇಲೆ ಒಂದು ನೊಣ ಕೂತಿದೆ, ಕೂತು ಮುಂಗಾಲು ಉಜ್ಜಿಕೊಳ್ಳುತ್ತಿದೆ, ಅದಕ್ಕೇನು, ಎದ್ದು ಹೋಗಬೇಕೆನಿಸಿದರೆ ಎದ್ದು ಹೋದೀತು, ಯಜ್ಞನಾರಾಯಣನಿಗೆ ಹಾಗಿಲ್ಲ, ಅವನ ಬಲಗಾಲು ಬ್ರೇಕಿನ ಮೇಲಿದೆ, ಬಲಗಾಲಿನ ಮೇಲೆ ಎಡಗಾಲೂ ಇದೆ, ಐವತ್ತೆರಡನೇ ಇಸವಿಯ ಫಾರ್ಗೋ ಲಾರಿ ವಿಲ್ಲಿಂಗ್ಡನ್ ಐಲ್ಯಾಂಡಿನಿಂದ ತೋಪ್ಪುಂಪಡಿಗೆ ಹೋಗುವ ಹೊಸ ಸೇತುವೆಯ ಏರಿನಲ್ಲಿ, ಭಾನುವಾರದ ಹನ್ನೊಂದು ಗಂಟೆಯ ಬಿಸಿಲಲ್ಲಿ, ಮೂತಿ ಮೇಲೆ ಮಾಡಿಕೊಂಡು ನಿಂತುಬಿಟ್ಟಿದೆ, ಅದು ಹಿಂದಕ್ಕೆ ಜಾರದಂತೆ ಹಿಡಿದಿರುವುದು ಆ ಎರಡು ಕಾಲುಗಳು ಮಾತ್ರ. ಎಷ್ಟು ಚೆನ್ನಾಗಿ ಏರುತ್ತಿತ್ತು, ಎರಡನೇ ಗೇರಿನಲ್ಲಿ, ಏದುಸಿರು ಬಿಡುತ್ತ, ಆದರೂ ಸೋಲದೆ, ಅತ್ತ ಕಡೆ ಕೂತಿದ್ದ ಕಾರ್ತಿಕೇಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕಂಡಕಂಡವರಿಗೆಲ್ಲ ಕೈ ಬೀಸುತ್ತಿದ್ದ, ನಡುವೆ ಕೂತ ಅಲ್ವಿನ್ ಮದುವೆ ದಿಬ್ಬಣದವನ ಹಾಗೆ ಹಾರ್ನು ಒತ್ತುತ್ತಿದ್ದ, ಆಗ ಲಾರಿಯ ಹೊಟ್ಟೆಯ ಕೆಳಗೆ ಠಣ್ ಎಂದಿತು—ಎಂಜಿನ್ ಕೂಗುತ್ತಿದೆ, ಚಕ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಎಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟಿನ ಜಾಯಿಂಟು ಮುರಿದಿತ್ತು, ಇನ್ನು ಗೇರು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಹ್ಯಾಂಡ್‌ಬ್ರೇಕು ಎಳೆದರೆ ಅದೂ ಕೈಕೊಟ್ಟಿತು, ಈ ಹಳೇ ಲಾರಿಯಲ್ಲಿ ಹ್ಯಾಂಡ್‌ಬ್ರೇಕು ಹಿಡಿಯುವುದೂ ಅದೇ ಶಾಫ್ಟನ್ನೇ, ಮುರಿದದ್ದನ್ನು ಹಿಡಿದು ಏನು ಬಂತು. ಉಳಿದದ್ದು ಕಾಲಿನ ಬ್ರೇಕು. ತುಳಿದ, ಮೊದಲ ತುಳಿತ ನೆಲಕ್ಕೇ ಹೋಯಿತು, ಎರಡನೆಯದೂ ಹೋಯಿತು, ಲಾರಿ ಹಿಂದಕ್ಕೆ ಒಂದು ಮಾರು ಜಾರಿತು, ಮೂರನೆಯದಕ್ಕೆ ಹಿಡಿಯಿತು, ಆಗಿನಿಂದ, ಐದು ನಿಮಿಷವೋ ಹತ್ತೋ, ಕಾಲು ಎತ್ತಿಲ್ಲ, ಎತ್ತಿದರೆ ಮುಂದಿನ ತುಳಿತ ಮತ್ತೆ ಬರಿ ಗಾಳಿ, ಯಾಕೆ ಬರಿ ಗಾಳಿ ಎನ್ನುವುದು ಈ ಭೂಮಿಯ ಮೇಲೆ ಅವನೊಬ್ಬನಿಗೆ ಗೊತ್ತು. ಅಲ್ವಿನ್ ಧುಮುಕಿ, ಚಕ್ರಕ್ಕೆ ಕೊಡಲು ಕಲ್ಲು ಹುಡುಕುತ್ತ ಕೆಳಗೆ ಟೋಲ್ ಗೇಟಿನ ಕಡೆ ಓಡಿದ, ಎಂತ ಬ್ರಿಡ್ಜ್ ಮಾರಾಯ ಇದು, ಹೆಸರಿಗೆ ಒಂದು ಕಲ್ಲು ಸಹ ಇಲ್ವಾ ಇಲ್ಲಿ, ಎಂದು ಬೈಯುತ್ತಲೇ ಓಡಿದ, ಕಾರ್ತಿಕೇಯ ಲಾರಿಯ ಹಿಂದೆ ಹೋಗಿ ನಿಂತ. ಲಾರಿಗೂ ಹಿಂದಿನ ಬಸ್ಸಿಗೂ ನಡುವೆ ಇರುವುದು ನಾಲ್ಕು ಹೆಜ್ಜೆ ಜಾಗ, ಅದರಲ್ಲೊಂದು ಸ್ಕೂಟರು, ಸ್ಕೂಟರಿನ ಮೇಲೆ ಗಂಡ, ಹೆಂಡತಿ, ನಡುವೆ ಒಂದು ಮಗು, ಇಗರ್ಜಿಯಿಂದ ಬರುತ್ತಿರಬೇಕು, ಮಗುವಿಗೆ ಬಿಳಿ ಫ್ರಾಕು, ಬಸ್ಸಿನ ಹಿಂದೆ ಇನ್ನಷ್ಟು ಬಸ್ಸು, ಯಾವುದೂ ಹಿಂದೆ ಸರಿಯುವಂತಿಲ್ಲ. ಬಲಗಡೆಯ ದುಂಡು ಕನ್ನಡಿಯಲ್ಲಿ ಯಜ್ಞನಾರಾಯಣನಿಗೆ ಕಾಣುವುದು ಕಾರ್ತಿಕೇಯನ ಅಂಗೈ, ಬಸ್ಸಿನ ಕಡೆ ತಿರುಗಿದರೆ ನಿಲ್ಲು ಎನ್ನುತ್ತದೆ, ಲಾರಿಯ ಕಡೆ ತಿರುಗಿದರೆ ಹಿಡಿದುಕೋ ಎನ್ನುತ್ತದೆ, ಎರಡಕ್ಕೂ ಅದೇ ಅಂಗೈ.

ಹಿಡಿದುಕೊಂಡಿದ್ದೇನೆ, ಹಿಡಿದುಕೊಳ್ಳದೆ ಎಲ್ಲಿಗೆ ಹೋಗಲಿ, ಹಿಡಿದುಕೊಳ್ಳುವುದರಲ್ಲೇ ನಲವತ್ತು ವರ್ಷ ಆಯಿತಲ್ಲ, ಯಾರು ಏನು ಕೇಳಿದರೂ ಹ್ಞೂ ಎನ್ನುವುದು, ಹ್ಞೂ ಎಂದದ್ದನ್ನು ಹೊತ್ತುಕೊಂಡು ತಿರುಗುವುದು, ಬ್ಯಾಂಕಿನಲ್ಲಿ ಮ್ಯಾನೇಜರು ಯಜ್ಞನಾರಾಯಣ ನೀವೊಬ್ಬರೇ ಇಲ್ಲ ಅನ್ನದವರು ಎಂದಾಗ ಹಿಗ್ಗಿದ್ದ ಪೆದ್ದ, ಐಲ್ಯಾಂಡಿನ ಶಾಖೆಗೆ ಹಾಕಿದರು, ಹ್ಞೂ, ಹೆಂಡತಿ ಸರೋಜಳ ಕಚೇರಿ ತಿರುವನಂತಪುರದಲ್ಲಿ, ಮಗಳ ಶಾಲೆಯೂ ಅಲ್ಲೇ, ನಾನು ಶನಿವಾರ ಶನಿವಾರ ಬರುತ್ತೇನೆ ಬಿಡು ಎಂದ, ಅದೂ ಒಂದು ಹ್ಞೂ. ಮೂರು ವರ್ಷ, ಶನಿವಾರ ಮಧ್ಯಾಹ್ನದ ರೈಲು, ತಂಪಾನೂರು ಸ್ಟೇಷನ್ನಿನಲ್ಲಿ ಇಳಿಯುವಾಗ ಕಂಬದ ಪಕ್ಕ ಸರೋಜ, ಅವಳ ಪಕ್ಕ ಇಂಚರಾ, ಸೋಮವಾರ ನಸುಕಿನಲ್ಲಿ ವಾಪಸು, ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾದಳು, ಅವನಿಗೆ ಮಾತ್ರ ತೇವರದಲ್ಲಿ ಹಿಡಿದ ಬಾಡಿಗೆ ಕೋಣೆಯಲ್ಲಿ ಒಂದು ಮಂಚ, ಒಂದು ಬಕೆಟ್ಟು, ಗೋಡೆಗೆ ತಿರುಗಿ ಮಲಗಿದರೆ ಗೋಡೆ, ಇತ್ತ ತಿರುಗಿದರೆ ಬಾಗಿಲು. ಆಮೇಲೆ ಈ ಲಾರಿ ಬಂತು. ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಿಕ್ಕವರು ಈ ಇಬ್ಬರು, ಮಂಗಳೂರಿನ ಅಲ್ವಿನ್, ಅಂಬಲಮುಗಳಿನ ರಿಫೈನರಿಯಲ್ಲಿ ಕೆಲಸ, ಮೈಸೂರಿನ ಕಾರ್ತಿಕೇಯ, ಕಾಕ್ಕನಾಡಿನ ಕಂಪ್ಯೂಟರ್ ಕಂಪನಿಯವನು, ಇನ್ನೂ ಮದುವೆಯಾಗದ ಹುಡುಗ, ಎರಡನೇ ಸಲ ಬಿಸಿಬೇಳೆ ಬಾತ್ ಹಾಕಿಸಿಕೊಳ್ಳುವಷ್ಟರಲ್ಲಿ ಸ್ನೇಹ, ಮುಂದಿನ ತಿಂಗಳು ಐಲ್ಯಾಂಡಿನಲ್ಲಿ ಮುಚ್ಚಿಹೋದ ಹಗ್ಗದ ಕಂಪನಿಯ ಗೋಡೌನಿನ ಹಿಂದೆ ಇದನ್ನು ತೋರಿಸಿದವನು ಅವನೇ, ಯಜ್ಞನಾರಾಯಣನೇ, ದಿನಾ ಬ್ಯಾಂಕಿಗೆ ಹೋಗುವ ದಾರಿಯಲ್ಲಿ ನೋಡುತ್ತಿದ್ದ, ಸ್ಟಿಯರಿಂಗಿನ ಒಳಗಿಂದ ಬಳ್ಳಿ ಹೊರಬಂದು ಹೂ ಬಿಟ್ಟಿತ್ತು, ಅಲ್ವಿನ್ ನಮ್ಮ ಪಪ್ಪ ಬಿಡ್ತಿದ್ದದ್ದು ಇದೇ ಗಾಡಿ ಮಾರಾಯ, ಹಂಚಿನ ಲೋಡು, ಎಂದು ಮಡ್‌ಗಾರ್ಡು ಸವರಿದ, ಸವರಿದ ಕೈ ತುಕ್ಕಿನ ಒಳಗೆ ಹೊಕ್ಕು ಆ ಕಡೆ ಬಂತು, ಹಪ್ಪಳ ಮುರಿದ ಸದ್ದು, ಮೂವರೂ ನಕ್ಕರು, ನಗುತ್ತಲೇ ಕೊಂಡುಬಿಟ್ಟರು. ಒಂದು ಶೆಡ್ಡು ಹಿಡಿದು ಒಂದೂವರೆ ವರ್ಷ ಉಜ್ಜಿದ್ದು, ಉಪ್ಪುಗಾಳಿ ತಿಂದು ಬಿಟ್ಟದ್ದನ್ನು ಉಪ್ಪುಕಾಗದದಲ್ಲಿ ಉಜ್ಜುವುದು, ಉಗುಳಿದರೆ ಕೆಂಪು, ಸೀನಿದರೆ ಕೆಂಪು, ಮುದುಕ ಮೆಕ್ಯಾನಿಕ್ ಜನಾರ್ದನನ್ ಚೇಟ್ಟನ್ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಹೇಳಿಕೊಡುವುದು, ಕಾರ್ತಿಕೇಯ ಆಫೀಸಿನಲ್ಲಿ ಮಾಡುವ ಹಾಗೆ ಪಟ್ಟಿ ಅಚ್ಚು ಹಾಕಿ ಶೆಡ್ಡಿನ ಗೋಡೆಗೆ ಅಂಟಿಸುವುದು, ಕೆಲಸ, ಮಾಡಿದವರು, ನೋಡಿದವರು, ಮುಗಿದ ಮೇಲೆ ಅಡ್ಡ ಗೀಟು—ಅವನಿಗೆ ಅಲ್ಲಿ ಸುಖವಿತ್ತು, ಇದನ್ನು ಒಪ್ಪಿಕೊಳ್ಳಲೇಬೇಕು, ಹೆಂಡತಿ ಮಗಳ ಜೊತೆ ಇರುವಾಗಲೂ ಇಲ್ಲದಷ್ಟು ಸುಖ, ಆ ಶೆಡ್ಡಿನಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ, ಸ್ಪ್ಯಾನರು ಕೊಡು ಎನ್ನುವುದು ಬಿಟ್ಟು. ಹಾಗಾಗಿ ಶನಿವಾರದ ರೈಲು ಒಂದು ವಾರ ಬಿಟ್ಟು ಒಂದು ವಾರ ಆಯಿತು, ಇನ್‌ಸ್ಪೆಕ್ಷನ್ ಇದೆ ಸರೋಜ, ಆಡಿಟ್ ಇದೆ ಸರೋಜ, ಮೊನ್ನೆ ಜೂನಿನಲ್ಲಿ ತಿರುವನಂತಪುರಕ್ಕೆ ವರ್ಗದ ಆರ್ಡರು ಬಂದೇ ಬಂತು, ಮೂರು ವರ್ಷ ಅವಳು ಯಾರ ಯಾರನ್ನೋ ಕಂಡು, ಅರ್ಜಿ ಬರೆಸಿ, ಹರಕೆ ಹೊತ್ತು ತರಿಸಿದ ಆರ್ಡರು, ಅವನು ಅದರ ಮೇಲೆ ಆರು ತಿಂಗಳು ಸಮಯ ಬೇಕು ಎಂದು ಬರೆದುಕೊಟ್ಟ. ಅವಳಿಗೆ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ, ಹೇಳಿದರೆ ಹೋಗು ಮಾರಾಯ ಮನೆಗೆ ಎಂದಾರು.

ಕಾಲು ನಡುಗುತ್ತಿದೆ, ಮೊಣಕಾಲಿನಿಂದ ಕೆಳಗೆ, ಸಣ್ಣಗೆ, ತೊಡೆಯೊಳಗೆ ಯಾರೋ ಹಗ್ಗ ಹುರಿ ಮಾಡುತ್ತಿದ್ದಾರೆ, ಮೇಲೆ ಇಟ್ಟ ಎಡಗಾಲಿನ ಚಪ್ಪಲಿಯ ಅಂಚು ಬಲಪಾದಕ್ಕೆ ಒತ್ತುತ್ತಿದೆ, ಪೆಡಲು ಇಳಿಯಿತೇ, ಇಲ್ಲ, ಕಾಲೇ ಇರಬೇಕು, ಇಳಿಯಿತು, ಒಂದು ಅಕ್ಕಿಕಾಳಿನಷ್ಟು. ಚವಿಟ್ಟ್, ಪಿಡಿಚ್ಚೋ, ಇನಿ ವಿಟ್ಟೋ, ತುಳಿ, ಹಿಡಿ, ಇನ್ನು ಬಿಡು, ಜನಾರ್ದನನ್ ಚೇಟ್ಟನ್ ಕಲಿಸಿದ ಪಾಠ, ಬ್ರೇಕಿನ ನಳಿಗೆಯಿಂದ ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು, ಒಬ್ಬ ಮೇಲೆ ಕೂತು ತುಳಿದು ಹಿಡಿಯುವವನು, ಒಬ್ಬ ಲಾರಿಯ ಕೆಳಗೆ ಅಂಗಾತ ಮಲಗಿ ಚಕ್ರದ ಹಿಂದಿನ ನಿಪ್ಪಲು ಎಂಬ ಪುಟ್ಟ ತಿರುಪು ಬಿಚ್ಚುವವನು, ಬಿಚ್ಚಿದಾಗ ಎಣ್ಣೆಯ ಜೊತೆ ಗಾಳಿ ಬುಸ್ ಎಂದು ಹೊರಗೆ ಬರುತ್ತದೆ, ಅವನು ನಿಪ್ಪಲು ಬಿಗಿ ಮಾಡಿ ಬಿಡು ಎನ್ನುವ ತನಕ ಮೇಲಿನವನು ಕಾಲು ಎತ್ತಬಾರದು, ಎತ್ತಿದರೆ ಹೊರಗಿನ ಗಾಳಿಯನ್ನು ನಳಿಗೆ ಒಳಗೆ ಎಳೆದುಕೊಳ್ಳುತ್ತದೆ, ಎಲ್ಲ ಹಾಳು, ಸಾರೇ, ಕೆಳಗಿನವನಿಗೆ ಮೇಲಿನ ಕಾಲು ಕಾಣುವುದಿಲ್ಲ, ಬಾಯಿಮಾತೇ ಗತಿ, ಅದಕ್ಕೇ ನಾವು ಈ ಕೆಲಸವನ್ನು ಅಣ್ಣ ತಮ್ಮ, ಅಪ್ಪ ಮಗ ಮಾಡುವುದು. ಅವತ್ತು ಚೇಟ್ಟನ್ ಕಣ್ಣಿನ ಆಪರೇಷನ್ನಿಗೆ ಹೋಗಿದ್ದ, ಇವರೇ ಮಾಡಿದರು, ಮೂರು ಚಕ್ರ ಮುಗಿಯಿತು, ನಾಲ್ಕನೆಯದು, ಹಿಂದಿನ ಬಲ ಚಕ್ರ, ಅದರ ನಿಪ್ಪಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಬೆಳಿಗ್ಗೆಯಿಂದ ಸೀಮೆಎಣ್ಣೆ ಹಾಕಿ, ಬೆಂಕಿ ತೋರಿಸಿ, ಬೇಡಿಕೊಂಡು, ಬೈದು, ಸಂಜೆ ನಾಲ್ಕಕ್ಕೆ ಅಲುಗಾಡಿತು, ಬ್ರೇಕ್ ಎಣ್ಣೆ ಡಬ್ಬಿಯ ತಳ ಕಂಡಿತ್ತು, ಅಲ್ವಿನ್ ಶಿಫ್ಟಿಗೆ ಹೋಗಿದ್ದ, ಕಾರ್ತಿಕೇಯ ಕೆಳಗೆ, ಯಜ್ಞನಾರಾಯಣ ಮೇಲೆ, ತುಳಿ ಗುರು, ತುಳಿದೆ, ಹಿಡ್ಕೋ, ಹಿಡಿದೆ, ಬಿಚ್ತಾ ಇದೀನಿ—ಆಗ ಫೋನು, ಸೀಟಿನ ಆ ತುದಿಯಲ್ಲಿ ಇಟ್ಟದ್ದು, ಸರೋಜ, ನಾಲ್ಕು ಸಲ ಹೊಡೆದುಕೊಳ್ಳುವಷ್ಟರಲ್ಲಿ ಎತ್ತದಿದ್ದರೆ ಎಲ್ಲಿದ್ದೀರಿ ಏನು ಕಥೆ ಎಂದು ಶುರು, ವಾಲಿದ, ಕೈ ಚಾಚಿದ, ಕೈ ಫೋನಿಗೆ ಸಿಕ್ಕಿತು, ಕಾಲು ಬಿಟ್ಟುಹೋಗಿತ್ತು. ಕೆಳಗೆ ಜುಯ್ ಎಂದು ಎಳೆದುಕೊಂಡ ಸದ್ದು ಅವನಿಗೆ ಕೇಳಿಸಿತು, ಈಗಲೂ ಕೇಳಿಸುತ್ತದೆ, ಕೂಡಲೇ ಮತ್ತೆ ತುಳಿದ. ಏನ್ರೀ, ಆರ್ಡರ್ ಏನಾದ್ರೂ ಬಂತಾ, ಎಂದು ಕಿವಿಯಲ್ಲಿ ಸರೋಜ, ಗುರು, ಹಿಡ್ಕೊಂಡಿದೀಯಾ, ಎಂದು ಕೆಳಗಿನಿಂದ ಕಾರ್ತಿಕೇಯ, ಅವಳಿಗೆ ಇಲ್ಲ ಎಂದ, ಇವನಿಗೆ ಹ್ಞೂ ಎಂದ. ಒಂದೇ ಉಸಿರಿನಲ್ಲಿ ಎರಡು ಸುಳ್ಳು. ಇನ್ನೊಂದು ಸಲ ಮಾಡೋಣ ಎಂದಿದ್ದರೆ ಮುಗಿದಿತ್ತು, ಎಣ್ಣೆ ಇಲ್ಲ, ಭಾನುವಾರ ಅಂಗಡಿ ಇಲ್ಲ, ಮುಂದಿನ ವಾರ ಮಾಡೋಣ ಎಂದಿದ್ದರೂ ಆಗಿತ್ತು, ಆದರೆ ಕಾರ್ತಿಕೇಯ ಹೊರಗೆ ತೆವಳಿ ಬಂದ, ಮುಖಕ್ಕೆಲ್ಲ ಎಣ್ಣೆ, ಹಲ್ಲು ಮಾತ್ರ ಬೆಳ್ಳಗೆ, ನನ್ನ ಜನ್ಮದಲ್ಲಿ ಕೈಯಲ್ಲಿ ಮುಟ್ಟಿ ನೋಡೋವಂಥ ಕೆಲಸ ಇದೇ ಮೊದಲು ಮಾಡಿದ್ದು ಗುರು, ಎಂದು ತಬ್ಬಿಕೊಂಡ, ಅಂಗಿಗೆಲ್ಲ ಎಣ್ಣೆ ಮೆತ್ತಿದ, ಆಮೇಲೆ ಗೋಡೆಯ ಪಟ್ಟಿಯಲ್ಲಿ, ಹಿಂದಿನ ಬಲ ಚಕ್ರ, ಮಾಡಿದವರು ಕಾರ್ತಿಕೇಯ, ನೋಡಿದವರು ಯಜ್ಞ, ಎಂದು ಬರೆದು ಅಡ್ಡ ಗೀಟು ಎಳೆದ. ಆ ಮುಖಕ್ಕೆ ಹೇಗೆ ಹೇಳುವುದು. ಹೇಳಬೇಕಿತ್ತು, ಮೂರು ವಾರದಿಂದ ಹೇಳಬೇಕು ಹೇಳಬೇಕು ಎಂದುಕೊಳ್ಳುತ್ತಲೇ ಇದ್ದಾನೆ, ಚೇಟ್ಟನ್ ವಾಪಸು ಬಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡೇ ಪೆಡಲು ಒತ್ತಿ ನೋಡಿ, ಸ್ವಲ್ಪ ಮೆತ್ತಗಿದೆಯಲ್ಲ ಸಾರೇ, ಎಂದಾಗ ಹೊಸ ವಾಷರು, ಕೂರಬೇಕು ಎಂದು ಇವನೇ ಅವನಿಗೆ ಪಾಠ ಹೇಳಿದ, ಮುದುಕ ತನ್ನ ಸ್ಟೂಲಿಗೆ ವಾಪಸು ಹೋದ, ಓದಿದವರ ಎದುರು ಏನು ಮಾತಾಡುವುದು.

ವಂಡಿ ಮಾಟ್ಟಡೋ, ಗಾಡಿ ತೆಗಿಯೋ ಎಂದು ಬಸ್ಸಿನ ಡ್ರೈವರು ಅರಚುತ್ತಿದ್ದಾನೆ, ಹಾರ್ನಿನ ಮೇಲೆ ಹಾರ್ನು, ಸೇತುವೆಯ ಕೆಳಗೆ ಒಂದು ದೋಣಿ ಟಕಟಕ ಎಂದು ಯಾವ ಅವಸರವೂ ಇಲ್ಲದೆ ಹೋಗುತ್ತಿದೆ, ಅಲ್ವಿನ್ ಎಲ್ಲಿ, ಇಳಿಜಾರಿನ ತುದಿಯಲ್ಲಿ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಕಾಣಿಸುತ್ತಿಲ್ಲ, ಚಕ್ರಕ್ಕೆ ಕೊಡುವ ಮರದ ತುಂಡುಗಳನ್ನು ಬೆಳಿಗ್ಗೆ ಶೆಡ್ಡಿನಲ್ಲಿ ಕಾಲಿನಿಂದ ಒದ್ದು ಅತ್ತ ಸರಿಸಿದ್ದು ಯಾರು, ಮೂವರೂ ಹೌದು, ಹೊರಡುವ ಖುಷಿ, ಕಾರ್ತಿಕೇಯನ ಪಟ್ಟಿಯಲ್ಲಿ ಪೆಟ್ರೋಲಿತ್ತು, ನೀರಿತ್ತು, ಕ್ಯಾಮೆರಾ ಇತ್ತು, ಮುಂಭಾಗಕ್ಕೆ ಕಟ್ಟುವ ಹೂವಿನ ಹಾರವೂ ಇತ್ತು, ಮರದ ತುಂಡು ಇರಲಿಲ್ಲ. ಕನ್ನಡಿ, ಅಂಗೈ, ಹಿಡಿದುಕೋ. ಕಾರ್ತೀ, ಅಲ್ಲಿ ನಿಲ್ಲಬೇಡ ಕಣೋ, ಈಚೆಗೆ ಬಾ, ಎಂದು ಕಿಟಕಿಯಿಂದ ಕೂಗಿದ, ಕೂಗಿದರೆ ಹೊಟ್ಟೆ ಬಿಗಿಯುತ್ತದೆ, ಹೊಟ್ಟೆ ಬಿಗಿದರೆ ಕಾಲು ಅಲುಗುತ್ತದೆ. ಏಯ್ ಸುಮ್ನಿರು ಗುರು, ಎಂದು ನಕ್ಕ ಅವನು, ನಮ್ಮ ಬ್ರೇಕಿನ ಮೇಲೆ ನಮಗೇ ನಂಬಿಕೆ ಇಲ್ಲಾಂದ್ರೆ ಹೆಂಗೆ, ಈ ಚಕ್ರ ಮಾಡಿದ್ದು ನಾನು, ಇದರ ಹಿಂದೆ ಚಾಪೆ ಹಾಸ್ಕೊಂಡು ಮಲ್ಕೋ ಅಂದ್ರೂ ಮಲ್ಕೋತೀನಿ, ಎಂದು ಲಾರಿಯ ಬೆನ್ನಿಗೆ ಎರಡು ಏಟು ತಟ್ಟಿದ, ಆ ತಟ್ಟಿದ್ದು ಪೆಡಲಿನವರೆಗೂ ಬಂದು ಪಾದಕ್ಕೆ ಮುಟ್ಟಿತು, ಅವನು ಆ ಸ್ಕೂಟರಿನವರಿಗೆ ಧೈರ್ಯ ಹೇಳುತ್ತಿದ್ದಾನೆ, ಏನೂ ಆಗಲ್ಲ ಚೇಚೀ, ಬ್ರೇಕು ಗಟ್ಟಿ ಇದೆ, ಅವನ ಹರಕು ಮಲಯಾಳದಲ್ಲಿ, ನಗುತ್ತ, ಆ ಹೆಂಗಸೂ ನಕ್ಕಳು, ಮಗು ಲಾರಿಯನ್ನು ನೋಡುತ್ತ ಬೆರಳು ಬಾಯಲ್ಲಿ ಇಟ್ಟುಕೊಂಡಿದೆ. ಹೊರಗೆ ಕರೆಯುವುದಕ್ಕೆ ಬೇರೆ ಏನಾದರೂ ಹೇಳಬಹುದು, ಕುಡಿಯಲು ನೀರು ಕೊಡು ಎಂದರೆ, ಬರುತ್ತಾನೆ, ಕೊಡುತ್ತಾನೆ, ಮತ್ತೆ ಹೋಗಿ ಅಲ್ಲೇ ನಿಲ್ಲುತ್ತಾನೆ, ಕಾಲು ಸೋತಿದೆ ಎಂದರೆ ನಾನು ಕೂರ್ತೀನಿ ಬಿಡು ಎಂದು ಮೇಲೆ ಹತ್ತುತ್ತಾನೆ, ಹತ್ತಿ, ಎತ್ತು ಗುರು ಕಾಲು, ನಾನು ತುಳೀತೀನಿ ಎನ್ನುತ್ತಾನೆ, ತುಳಿದರೆ ನೆಲಕ್ಕೆ, ಸ್ಕೂಟರು, ಬಿಳಿ ಫ್ರಾಕು. ಯಾವ ಸುಳ್ಳು ಹೇಳಿದರೂ ಮತ್ತೆ ಬ್ರೇಕಿಗೇ ಬರುತ್ತದೆ, ನಲವತ್ತು ವರ್ಷದಲ್ಲಿ ಮೊದಲ ಸಲ ಯಜ್ಞನಾರಾಯಣನಿಗೆ ಸುಳ್ಳಿನ ಬರಗಾಲ. ಫೋನು ಹೊಡೆದುಕೊಳ್ಳುತ್ತಿದೆ, ಅಂಗಿಯ ಜೇಬಿನಲ್ಲಿ, ಎದೆಯ ಮೇಲೇ ನಡುಗುತ್ತಿದೆ, ಸರೋಜ, ಹನ್ನೆರಡರ ರೈಲಿಗೆ ಹೊರಡುತ್ತೇನೆ ಎಂದಿದ್ದ, ಸಂಜೆ ಒಂದು ಮನೆ ನೋಡಲು ಹೋಗಬೇಕು, ಮೂರು ಜನಕ್ಕೆ ಸಾಕಾಗುವ ಮನೆ, ಹಿತ್ತಲಲ್ಲಿ ಹಲಸಿನ ಮರ ಇದೆಯಂತೆ, ಆರ್ಡರು ಬಂದ ಮೇಲೆ ಹುಡುಕುತ್ತಾ ಕೂತರೆ ಸಿಗಲ್ಲ ಕಣ್ರೀ, ಈಗಲೇ ನೋಡಿಟ್ಕೊಳ್ಳೋಣ, ಎಂದಿದ್ದಳು ಅವಳು, ಆರ್ಡರು ಬಂದು ಎರಡು ತಿಂಗಳಾಗಿದೆ ಸರೋಜ, ಮೇಜಿನ ಎರಡನೇ ಡ್ರಾಯರಿನಲ್ಲಿ ಮಲಗಿದೆ, ನೀನು ಇಲ್ಲದ ಆರ್ಡರಿಗೆ ಇರುವ ಮನೆ ಹುಡುಕುತ್ತಿದ್ದೀಯ, ನಾನು ಇರುವ ಆರ್ಡರಿಗೆ—ಫೋನು ನಿಂತಿತು, ಮತ್ತೆ ಶುರುವಾಯಿತು, ಈ ಸಲ ಇಂಚರಾ ಇರಬೇಕು, ಅವಳು ಬಿಡದೆ ಮಾಡುತ್ತಾಳೆ, ಅಪ್ಪಾ, ವರುನ್ನುಂಡೋ, ಬರ್ತಾ ಇದೀಯಾ, ಅಷ್ಟೇ ಅವಳು ಕೇಳುವುದು, ಹ್ಞೂ ಪುಟ್ಟಾ ಎಂದು ಇಷ್ಟು ಸಲ ಹೇಳಿದ್ದಾನೆ, ಆ ಹ್ಞೂಗಳಲ್ಲಿ ಅರ್ಧಕ್ಕರ್ಧ ಬರಿ ಗಾಳಿ. ಒಂದು ಕೈ ಸ್ಟಿಯರಿಂಗಿನಿಂದ ತೆಗೆದು ಫೋನು ಎತ್ತಬಹುದು, ಎತ್ತುವುದಿಲ್ಲ, ಹಿಂದೊಮ್ಮೆ ಎತ್ತಿ ನೋಡಿ ಆಗಿದೆ, ಹೊಡೆದುಕೊಳ್ಳಲಿ.

ಇಳಿಯಿತು, ಈ ಸಲ ಅನುಮಾನವಿಲ್ಲ, ಪೆಡಲು ಅರ್ಧ ಬೆರಳು ಇಳಿಯಿತು, ಯಾವುದೋ ಸಂದಿನಿಂದ ಎಣ್ಣೆ ಸೋರಿತೋ, ಕಾಲೇ ಸೋತಿತೋ, ಲಾರಿ ಕಿರ್ ಎಂದು ಒಂದು ಗೇಣು ಹಿಂದೆ ಹೋಗಿ ನಿಂತಿತು, ಆ ಹೆಂಗಸು ಕೂಗಿದಳು, ಕನ್ನಡಿಯಲ್ಲಿ ಅಂಗೈ ಮೇಲೆದ್ದಿತು, ಏನಾಯ್ತು ಗುರು, ಹಿಡ್ಕೊಂಡಿದೀಯಾ, ಹ್ಞೂ ಎಂದು ನಾಲಿಗೆ ತುದಿಗೆ ಬಂತು, ಅಭ್ಯಾಸಬಲ, ಇವನು ಬಾಯಿ ತೆರೆದರೆ ಅದೇ ಮೊದಲು ಬರುವುದು, ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ, ಹೇಳು, ಹೇಳಿದರೆ ಏನಾಗುತ್ತದೆ, ಸ್ನೇಹ ಹೋಗುತ್ತದೆ, ಶನಿವಾರ ಹೋಗುತ್ತದೆ, ಆ ಎಣ್ಣೆಮುಖದ ಹುಡುಗ ಇನ್ನು ಯಾವತ್ತೂ ತಬ್ಬುವುದಿಲ್ಲ, ಹೋಗಲಿ, ಹಾಳಾಗಿ ಹೋಗಲಿ, ಕಾರ್ತೀ, ಎಂದು ಕಿರುಚಿದ, ಅವತ್ತು ನಾನು ಹಿಡಿದಿರ್ಲಿಲ್ಲ ಕಣೋ, ನೀನು ನಿಪ್ಪಲ್ ಬಿಚ್ಚಿದಾಗ ಕಾಲು ಎತ್ತಿಬಿಟ್ಟೆ, ಸರೋಜ ಫೋನು, ಒಳಗೆ ಗಾಳಿ ಹೋಗಿದೆ, ನಿನಗೆ ಸುಳ್ಳು ಹೇಳಿದೆ, ಇದು ಬ್ರೇಕಲ್ಲ ಕಣೋ, ಈಚೆಗೆ ಬಂದುಬಿಡೋ. ಅಷ್ಟೇ. ಮೂರು ವಾರ ಹೊತ್ತದ್ದು ಒಂದು ಉಸಿರಿನಲ್ಲಿ ಮುಗಿದುಹೋಯಿತು. ಕನ್ನಡಿಯಲ್ಲಿ ಅಂಗೈ ಹಾಗೇ ನಿಂತಿದೆ, ಮೇಲೆ, ಮಡಚದೆ, ಕೇಳಿಸಿದೆ, ಖಂಡಿತ ಕೇಳಿಸಿದೆ, ನಗು ಇದ್ದ ಮುಖದಲ್ಲಿ ನಗು ಇಲ್ಲ, ಬೈಯುತ್ತಾನೆ, ಅಥವಾ ಓಡುತ್ತಾನೆ, ಓಡು ಮಗನೇ, ಓಡಿ ದೂರ ನಿಂತು ಬೈಯಿ. ಬೈಯಲಿಲ್ಲ, ಓಡಲೂ ಇಲ್ಲ, ಅಂಗೈ ಕೆಳಗಿಳಿಯಿತು, ತಿರುಗಿ ಸ್ಕೂಟರಿನಿಂದ ಮಗುವನ್ನು ಎತ್ತಿದ, ಬಿಳಿ ಫ್ರಾಕು ಗಾಳಿಯಲ್ಲಿ ಒಮ್ಮೆ ಹಾರಿ ಕನ್ನಡಿಯಿಂದ ಆಚೆ ಹೋಯಿತು, ಆಮೇಲೆ ಆ ಹೆಂಗಸು, ಆಮೇಲೆ ಆ ಗಂಡನೂ ಇವನೂ ಸೇರಿ ಸ್ಕೂಟರನ್ನು ಎಳೆದು ಅಡ್ಡ ಮಾಡಿ ಅತ್ತ ಸರಿಸಿದರು, ಜಾಗ ಖಾಲಿಯಾಯಿತು, ಇನ್ನು ಬಾ, ನೀನೂ ಬಾ. ಅಷ್ಟರಲ್ಲಿ ಅಲ್ವಿನ್, ಕೆಂಪಗಾಗಿ, ಹೆಗಲ ಮೇಲೆ ಒಂದು ಕಾಂಕ್ರೀಟಿನ ತುಂಡು ಹೊತ್ತು, ಏದುಸಿರಿನಲ್ಲಿ, ಸಿಕ್ತು ಮಾರಾಯ, ಟೋಲಿನವ ಕೊಡುದಿಲ್ಲ ಅಂತಾನೆ, ಕಿತ್ತುಕೊಂಡೇ ಬಂದದ್ದು, ಎಂದು ಲಾರಿಯ ಹಿಂದೆ ನುಗ್ಗಿದವನನ್ನು ಕಾರ್ತಿಕೇಯ ತಡೆದ, ಕೊಡಿಲ್ಲಿ, ನೀನು ಈಚೆ ಇರು, ಎಂದ, ಎಂತಕ್ಕೆ ಮಾರಾಯ, ಇರು ಅಂದ್ನಲ್ಲ. ತುಂಡನ್ನು ತಾನೇ ತೆಗೆದುಕೊಂಡ. ಬೇಡ ಕಣೋ, ಎಸೆದುಬಿಡು ದೂರದಿಂದ, ಎಸೆದರೆ ಕೂರುವುದಿಲ್ಲ, ಕೈಯಲ್ಲೇ ಚಕ್ರದ ಸಂದಿಗೆ ಒತ್ತಿ ಕೂರಿಸಬೇಕು, ಇದು ಇವನಿಗೂ ಗೊತ್ತು, ಅವನಿಗೂ ಗೊತ್ತು. ಬಗ್ಗುವ ಮುಂಚೆ ಕಾರ್ತಿಕೇಯ ಕನ್ನಡಿಯ ಕಡೆ ನೋಡಿದ, ನೇರ ಅವನ ಕಣ್ಣಿಗೇ, ಈಗ, ಎಂದು ಕೇಳಿದ, ಯಜ್ಞ, ಈಗ ಹಿಡ್ಕೊಂಡಿದೀಯಾ. ಗುರು ಎನ್ನಲಿಲ್ಲ. ಗೊತ್ತಿಲ್ಲ ಕಣೋ, ಎಂದ ಯಜ್ಞನಾರಾಯಣ, ತುಳಿದಿದ್ದೀನಿ, ಕಾಲು ನಡುಗ್ತಾ ಇದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಹೀಗೆ ಯಾರಿಗೂ ಯಾವತ್ತೂ ಹೇಳಿದವನಲ್ಲ, ಹೇಳಿದ್ದು ಕೇಳಿಸಿಕೊಂಡು ಕಾರ್ತಿಕೇಯ ಸರಿ, ಎಂದ, ಗೊತ್ತಿದ್ದೂ ಬಗ್ಗಿದ, ಬಗ್ಗಿ ಲಾರಿಯ ಕೆಳಗೆ ಹೋದ, ಕನ್ನಡಿಯಲ್ಲಿ ಈಗ ಅವನ ಬೆನ್ನೂ ಇಲ್ಲ, ತಲೆಯೂ ಇಲ್ಲ, ಟಯರು, ಟಯರಿನ ಮೇಲೆ ಊರಿದ ಎಡಗೈ, ಇನ್ನೊಂದು ಕೈ ಚಕ್ರದ ಅಡಿಗೆ, ಫೋನು ಎದೆಯ ಮೇಲೆ, ಪೆಡಲು ಇನ್ನೊಂದು ಅಕ್ಕಿಕಾಳು, ತುಳಿ, ತೊಡೆ ಹರಿದರೂ ತುಳಿ, ಆ ಕೈ ಹೊರಗೆ ಬರಲಿ, ಕೂರಿಸಿ ಆಯ್ತಾ, ಏನೂ ಹೇಳುತ್ತಿಲ್ಲ, ಬಿಡು ಎನ್ನುತ್ತಿಲ್ಲ, ಆ ಕೈ ಚಕ್ರದ ಅಡಿಯಲ್ಲಿ, ಬಣ್ಣದ ವಾಸನೆ ಇಲ್ಲ, ಹಾರ್ನು ಇಲ್ಲ, ಆ ಕೈ, ಬೆರಳುಗಳು, ಇನ್ನೂ ಅಡಿಯಲ್ಲೇ, ಕೈ